ಔಷಧಿ ಹಾಕದ ಪಾತಿ

ಒಂದು ವಾಸನೆ ಮಾತ್ರ ಮತ್ತೆ ನನ್ನ ಅಡುಗೆಮನೆಗೆ ಕಾಲಿಡಬಾರದು ಎಂದು ಕಟ್ಟುನಿಟ್ಟಾಗಿ ಹೇಳಿಬಿಟ್ಟಿದ್ದೇನೆ. ಬೆಳ್ಳುಳ್ಳಿ ರಸ, ಶುಂಠಿ ರಸ, ನಿಂಬೆ ರಸ, ಅದರ ಮೇಲೆ ಕಾಚಂಪುಳಿ, ಈ ನಾಲ್ಕನ್ನೂ ಒಂದೇ ಪಾತ್ರೆಗೆ ಸುರಿದು ಅರ್ಧಕ್ಕೆ ಇಳಿಯುವವರೆಗೆ ಕುದಿಸಿದರೆ ಬರುವ ವಾಸನೆ ಅದು. ಬಿಡಿಬಿಡಿಯಾಗಿ ಇವುಗಳ ಮೇಲೆ ನನಗೇನೂ ಸಿಟ್ಟಿಲ್ಲ. ಬೆಳ್ಳುಳ್ಳಿ ಇಲ್ಲದೆ ನನ್ನ ಒಗ್ಗರಣೆ ನಡೆಯುವುದಿಲ್ಲ. ಶುಂಠಿ ನಮ್ಮ ಹೊಲದ್ದೇ ಬೆಳೆ. ಕಾಚಂಪುಳಿಯೂ ಒಳ್ಳೆಯದೇ, ಕಾಡುಹಣ್ಣಿನ ರಸವನ್ನು ಕಪ್ಪಗೆ ಗಟ್ಟಿಯಾಗುವವರೆಗೆ ಕಾಯಿಸಿ ಮಾಡುವ ಆ ಹುಳಿಯನ್ನು ಮಾಂಸದ ಸಾರಿಗೆ ಒಂದು ಚಮಚ ಬಿಟ್ಟರೆ ಬೀದಿಯಲ್ಲಿ ಹೋಗುವವನಿಗೂ ಹಸಿವಾಗುತ್ತದೆ. ಆದರೆ ನಾಲ್ಕೂ ಸೇರಿ ಗಂಡನ ಎದೆಯ ಔಷಧಿ ಎಂದು ಕುದಿಯತೊಡಗಿದಾಗ ಒಲೆಯ ಮುಂದೆ ನಿಂತ ಹೆಂಗಸಿನ ಪಾಡೇನು ಎಂಬುದನ್ನು ನಾನು ಬಲ್ಲೆ.

ನಮ್ಮ ಮಾವನವರ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆ ನಿಂತವರು ನಾವು. ಕೊಡಗು ಎಂದರೆ ಕಾಫಿ, ಬೆಟ್ಟ, ಮಂಜು ಎಂದುಕೊಂಡು ಬರುವ ನೆಂಟರಿಗೆ ನಮ್ಮ ಬಯಲು ಕಂಡು ನಿರಾಸೆಯಾಗುತ್ತದೆ. ನಮ್ಮದು ಮುಸುಕಿನ ಜೋಳ ಮತ್ತು ಶುಂಠಿ. ಅದರಲ್ಲೂ ಶುಂಠಿಯೆಂದರೆ ನಮ್ಮ ಮನೆಯವರಿಗೆ ಪ್ರಾಣ. ಮಣ್ಣು ಏರಿಸಿ ಪಾತಿ ಮಾಡಿ, ಬೀಜದ ಶುಂಠಿ ಇಟ್ಟು, ಹುಲ್ಲು ಮುಚ್ಚಿ, ಮಳೆಗಾಲ ಪೂರ್ತಿ ಕೊಳೆರೋಗ ಬರದಂತೆ ಕಾಯುವುದರಲ್ಲೇ ಅವರ ಅರ್ಧ ಆಯುಷ್ಯ ಕಳೆದಿದೆ. ಕೊಳೆ ಬಂದರೆ ಪಾತಿಗೆ ಪಾತಿಯೇ ಹಳದಿಯಾಗಿ ಮಲಗುತ್ತದೆ. ಆಗ ಅವರು ಊಟ ಮಾಡುವುದಿಲ್ಲ, ಮಾಡಿದವರನ್ನು ಕಂಡರೂ ರೇಗುತ್ತಾರೆ.

ಅಂಥ ಒಂದು ಮಳೆಗಾಲದಲ್ಲಿ ಬೆನ್ನಿಗೆ ಔಷಧಿಯ ಕ್ಯಾನ್ ಹೊತ್ತು ಬದು ಹತ್ತುತ್ತಿದ್ದವರು ಇದ್ದಕ್ಕಿದ್ದಂತೆ ನಿಂತರು. ಎದೆ ಹಿಡಿದುಕೊಂಡ ಹಾಗಾಯಿತಂತೆ. ಕೂತರು, ಹೋಯಿತು. ಎದ್ದು ನಡೆದರು, ಮತ್ತೆ ಬಂತು. ಕ್ಯಾನ್ ಇಳಿಸಿ ಮನೆಗೆ ಬಂದು "ಗ್ಯಾಸ್ ಆಗಿರ್ಬೇಕು ಕಣೇ, ಒಂದು ಸೋಡಾ ಕೊಡು" ಎಂದರು. ನಾನು ಸೋಡಾ ಕೊಡಲಿಲ್ಲ. ನೆರೆಮನೆಯ ಕಾರು ತರಿಸಿ ಕುಶಾಲನಗರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಇ.ಸಿ.ಜಿ. ನೋಡಿ ಮೈಸೂರಿಗೆ ಕಳಿಸಿದರು.

ಮೈಸೂರಿನಲ್ಲಿ ನೋಡಿದವರು ಒಬ್ಬ ಲೇಡಿ ಡಾಕ್ಟರು. ನಿಧಾನದ ಮಾತು, ಮುಖದಲ್ಲಿ ಸಿಡುಕಿಲ್ಲ. ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡಿ, "ಹೃದಯಕ್ಕೆ ರಕ್ತ ಹೋಗೋ ನಾಳ ಕಿರಿದಾಗಿರೋ ಹಾಗಿದೆ. ಆಂಜಿಯೋಗ್ರಾಂ ಮಾಡಿ ನೋಡ್ಬೇಕು. ಮುಂದಿನ ವಾರ ಬನ್ನಿ. ಅಲ್ಲೀವರೆಗೆ ಈ ಮಾತ್ರೆಗಳನ್ನ ಒಂದು ದಿನಾನೂ ಬಿಡ್ಬೇಡಿ" ಎಂದರು. ಅಷ್ಟಕ್ಕೆ ನಿಲ್ಲಿಸಿದ್ದರೆ ಎಲ್ಲ ಸರಿಹೋಗುತ್ತಿತ್ತೇನೋ. ಆದರೆ ಧೈರ್ಯ ತುಂಬಲೆಂದು ಇನ್ನೊಂದು ಮಾತು ಸೇರಿಸಿದರು: "ದೊಡ್ಡ ದೊಡ್ಡ ರಿಸರ್ಚ್ ಆಗಿದೆ, ಈ ಮಾತ್ರೆ ತಗೊಂಡವರಿಗೆ ಹಾರ್ಟ್ ಅಟ್ಯಾಕ್ ಆಗೋದು ಕಡಿಮೆ."

ರಿಸರ್ಚ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಮ್ಮ ಮನೆಯವರ ಮುಖ ಬಿಗಿಯಿತು. ಆಮೇಲೆ ಡಾಕ್ಟರು ಹೇಳಿದ್ದೆಲ್ಲ ನನಗೊಬ್ಬಳಿಗೇ ಹೇಳಿದಂತಾಯಿತು.

ವಾಪಸು ಬರುವಾಗ ಬೈಲುಕುಪ್ಪೆ ದಾಟುವವರೆಗೂ ಅವರು ರಸ್ತೆಯಂಚಿನ ಹೊಲಗಳನ್ನೇ ನೋಡುತ್ತಿದ್ದರು. ಆಮೇಲೆ ಹೇಳಿದರು: "ರಿಸರ್ಚ್ ಅಂದ್ರೆ ಏನು ಅಂತ ನಂಗೆ ಯಾರೂ ಹೇಳ್ಕೊಡೋದು ಬೇಡ. ನಮ್ಮ ಹೊಲದಲ್ಲೇ ಮಾಡಿದ್ದಾರೆ. ನಾನೇ ನೋಡಿದ್ದೀನಿ."

ಆ ಮಾತು ನಿಜ. ಮದುವೆಯಾಗಿ ಕೆಲವು ವರ್ಷಗಳಾಗಿದ್ದಾಗ ಒಂದು ಔಷಧಿ ಕಂಪನಿಯವರು ಬಂದಿದ್ದರು. ಕೊಳೆರೋಗಕ್ಕೆ ಹೊಸ ಔಷಧಿ, ನಿಮ್ಮ ಹೊಲದಲ್ಲಿ ಹಾಕಿ ತೋರಿಸುತ್ತೇವೆ ಎಂದರು. ನಮ್ಮ ಹೊಲವೇ ಯಾಕೆ ಎಂದರೆ ಅದು ರಸ್ತೆಗೆ ಅಂಟಿಕೊಂಡಿದೆ, ಬಸ್ಸಿನಲ್ಲಿ ಹೋಗುವವರಿಗೂ ಬೋರ್ಡು ಕಾಣುತ್ತದೆ. ಎತ್ತರದ ಪಾತಿಗಳಿಗೆ ಔಷಧಿ ಹಾಕಿಸಿದರು. "ಇವಕ್ಕೆ ಔಷಧಿ ಹಾಕಿಲ್ಲ" ಎಂಬ ಚೀಟಿಯನ್ನು ತಗ್ಗಿನ ಪಾತಿಗಳ ಮುಂದೆ ನೆಟ್ಟರು. ತಗ್ಗಿನಲ್ಲಿ ನೀರು ನಿಲ್ಲುತ್ತದೆ, ಅಲ್ಲಿ ಶುಂಠಿ ಯಾವ ವರ್ಷವೂ ಚೆನ್ನಾಗಿ ಬಂದದ್ದಿಲ್ಲ. ಸಾಲದ್ದಕ್ಕೆ ಮೇಲಿನ ಪಾತಿಗಳಿಗೆ ಬೇವಿನ ಹಿಂಡಿ, ಕೊಟ್ಟಿಗೆ ಗೊಬ್ಬರ ಎಲ್ಲವನ್ನೂ ಯಾರಿಗೂ ಹೇಳದೆ ಧಾರಾಳವಾಗಿ ಕೊಡಿಸಿದರು. ಆಮೇಲೆ ಶಾಮಿಯಾನ ಹಾಕಿ, ಸುತ್ತಲಿನ ರೈತರನ್ನು ಕರೆದು, ಉಪ್ಪಿಟ್ಟು ಕೇಸರಿಬಾತು ಹಂಚಿ ಎರಡೂ ಪಾತಿ ತೋರಿಸಿದರು. ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದರು, ಎಲ್ಲರೂ ಆ ಔಷಧಿ ತಂದರು. ಮಾರನೇ ವರ್ಷ ಪಕ್ಕದ ಹೊಲದವರ ಶುಂಠಿ ಪೂರ್ತಿ ಕೊಳೆಯಿತು. "ನಿಮ್ಮ ಹೊಲ ನೋಡೇ ಹಾಕಿದ್ದು" ಎಂದವರು ಬಹಳ ಕಾಲ ನಮ್ಮ ಜೊತೆ ಮಾತಾಡಲಿಲ್ಲ.

ಅಂದಿನಿಂದ ನಮ್ಮ ಮನೆಯವರದ್ದು ಒಂದು ರೂಢಿ. ಯಾರೇ ಯಾವ ಔಷಧಿ ಕೊಡಲಿ, ಹಾಕುವಾಗ ಒಂದು ಪಾತಿಯನ್ನು ಹಾಕದೆ ಬಿಡುತ್ತಾರೆ. ಅದೂ ಅಂಚಿನಲ್ಲಲ್ಲ, ತಗ್ಗಿನಲ್ಲಲ್ಲ, ನಟ್ಟನಡುವೆ, ಒಳ್ಳೆಯ ಪಾತಿಗಳ ಪಕ್ಕದಲ್ಲೇ. ಎರಡಕ್ಕೂ ಒಂದೇ ಬೀಜ, ಒಂದೇ ಗೊಬ್ಬರ. ಮಳೆ ಮುಗಿಯುವ ಹೊತ್ತಿಗೆ ಬಿಟ್ಟ ಪಾತಿಯೂ ಪಕ್ಕದ್ದರಷ್ಟೇ ಹಸಿರಾಗಿದ್ದರೆ ಆ ಔಷಧಿ ಮತ್ತೆ ನಮ್ಮ ಮನೆಗೆ ಬರುವುದಿಲ್ಲ. ಅಂಗಡಿಯವರು ಅವರನ್ನು ಕಂಡರೆ ಹೆದರುತ್ತಾರೆ. ಇಂಥ ಮನುಷ್ಯ ತನ್ನ ಎದೆಯ ವಿಷಯ ಬಂದಾಗ ಮಾತ್ರ ಬಿಟ್ಟ ಪಾತಿಯನ್ನು ಮರೆತೇಬಿಟ್ಟರು ನೋಡಿ, ನನಗೆ ತಲೆ ಕೆಟ್ಟದ್ದು ಅದಕ್ಕೇ.

ಮರೆಸಿದವನು ನನ್ನ ತಂಗಿಯ ಗಂಡ. ವೀರಾಜಪೇಟೆ ಕಡೆಯ ಬಿಟ್ಟಂಗಾಲದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ, ಹಣ್ಣು ಕೀಳಿಸುವ ಪಿಕ್ಕಿಂಗ್, ಒಣಗಿಸುವುದು ಎಲ್ಲ ಅವನದೇ ಉಸ್ತುವಾರಿ. ಒಳ್ಳೆಯವನು, ಆದರೆ ಒಂದು ಮಾತು ಆಡಿದರೆ ಅದನ್ನು ಅಷ್ಟು ಸುಲಭಕ್ಕೆ ಹಿಂತೆಗೆದುಕೊಳ್ಳುವ ಜಾತಿಯಲ್ಲ. ಎರಡು ವರ್ಷದ ಹಿಂದೆ ಅವನಿಗೆ ಸಣ್ಣದಾಗಿ ಹಾರ್ಟ್ ಅಟ್ಯಾಕ್ ಆಗಿತ್ತು. ಆಸ್ಪತ್ರೆಯಿಂದ ಬಂದು ಒಂದು ತಿಂಗಳು ಮಾತ್ರೆ ನುಂಗಿದ. ಆಮೇಲೆ ವಾಟ್ಸಾಪಿನಲ್ಲಿ ಈ ಕಷಾಯದ ವಿಷಯ ಬಂತು. ಮಾತ್ರೆ ಬಿಟ್ಟೆ ಎಂದು ಎಲ್ಲರೆದುರು ಸಾರಿದ, ಕಷಾಯ ಶುರು ಮಾಡಿದ. ಮೊನ್ನೆ ಮೊನ್ನೆ ಚೆಕ್ ಮಾಡಿಸಿದರೆ ಎಲ್ಲ ಚೆನ್ನಾಗಿದೆಯಂತೆ. ನೆಂಟರಲ್ಲಿ ಯಾರಿಗೆ ಎದೆನೋವು ಬಂದರೂ ಅವನ ಫೋನು ಬರುತ್ತದೆ. ನಮಗೂ ಬಂತು.

"ಅಣ್ಣ, ಆಂಜಿಯೋಗ್ರಾಂ ಗೀಂಜಿಯೋಗ್ರಾಂ ಅಂತ ಹೋಗ್ಬೇಡಿ. ಒಳಗೆ ಹೋದ್ರೆ ಸುಮ್ನೆ ಬಿಡಲ್ಲ ಅವ್ರು. ನನ್ನ ನೋಡಿ, ಕಲ್ಲು ಗುಂಡು ಥರ ಇದ್ದೀನಿ. ಮೆಸೇಜಲ್ಲಿ ಆಪಲ್ ವಿನೆಗರ್ ಅಂತ ಇದೆ, ಆ ಫಾರಿನ್ ನೀರು ನಮಗ್ಯಾಕೆ? ನಮ್ಮ ಕಾಚಂಪುಳಿ ಹಾಕಿ. ಅದರ ಹತ್ತು ಪಟ್ಟು ಪವರ್!"

ಆ ಬದಲಾವಣೆ ಅವನದೇ ಬುದ್ಧಿ. ಕೊಡಗಿನಲ್ಲಿದ್ದವನಿಗಲ್ಲದೆ ಬೇರೆ ಯಾರಿಗೂ ಹೊಳೆಯುವಂಥದ್ದಲ್ಲ. ಸಾರಿಗೆ ಒಂದು ಚಮಚ ಬಿಟ್ಟರೆ ಹುಬ್ಬು ಗಂಟಾಗುವ ಹುಳಿಯನ್ನು ಲೋಟಗಟ್ಟಲೆ ಸುರಿದು ಕುದಿಸಿ, ಜೇನು ಬೆರೆಸಿ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿಯುವುದು! ಅವನೇ ಯಾರ ಕೈಯಲ್ಲೋ ಎರಡು ಬಾಟಲಿ ಕಾಚಂಪುಳಿ ಕಳಿಸಿಕೊಟ್ಟ. ಬೆಳ್ಳುಳ್ಳಿ ನಾನು ಸುಲಿಯಬೇಕಾಯಿತು. ಶುಂಠಿ ನಮ್ಮದೇ ಎಂದು ನಮ್ಮ ಮನೆಯವರಿಗೆ ಒಳಗೊಳಗೇ ಹೆಮ್ಮೆ. "ನಾನು ಬೆಳೆದದ್ದೇ ನನ್ನ ಕಾಯುತ್ತೆ" ಎಂದರು. ಡಾಕ್ಟರು ಕೊಟ್ಟ ಮಾತ್ರೆಗಳು ಟಿವಿಯ ಪಕ್ಕದಲ್ಲಿ ಧೂಳು ತಿನ್ನುತ್ತ ಕೂತವು. ಮುಂದಿನ ವಾರ ಎಂದಿದ್ದ ಆಂಜಿಯೋಗ್ರಾಂ ಹಾಗೇ ಮುಂದಕ್ಕೆ ಹೋಯಿತು.

ಕುಡಿದ ಕೂಡಲೇ ಗಂಟಲಿನಿಂದ ಎದೆಯವರೆಗೆ ಉರಿಯುತ್ತಿತ್ತು. ಅವರು ಎದೆ ನೀವಿಕೊಳ್ಳುತ್ತ ಕಣ್ಣಲ್ಲಿ ನೀರು ತುಂಬಿಕೊಂಡು, "ನೋಡು, ಬ್ಲಾಕ್ ಕರಗ್ತಾ ಇದೆ" ಎನ್ನುತ್ತಿದ್ದರು. ನನಗೆ ಅಳಬೇಕೋ ನಗಬೇಕೋ ತಿಳಿಯುತ್ತಿರಲಿಲ್ಲ. ಅದಕ್ಕಿಂತ ಕಷ್ಟ ಇನ್ನೊಂದಿತ್ತು. ಮೊದಲಾದರೆ ಅವರು ಎದೆ ಹಿಡಿದುಕೊಂಡರೆ ಹೃದಯದ ನೋವು ಎಂದು ಗೊತ್ತಾಗುತ್ತಿತ್ತು. ಈಗ ದಿನಾ ಬೆಳಿಗ್ಗೆ ಎದೆ ಹಿಡಿದುಕೊಳ್ಳುತ್ತಾರೆ. ನಾಳೆ ನಿಜವಾದ ನೋವೇ ಬಂದರೂ ಕಷಾಯದ ಉರಿ ಎಂದು ಅವರು ಸುಮ್ಮನಿರುತ್ತಾರೆ, ನಾನೂ ಸುಮ್ಮನಿರುತ್ತೇನೆ. ಆ ಯೋಚನೆ ಬಂದ ದಿನದಿಂದ ನನಗೆ ಅನ್ನ ಸೇರಲಿಲ್ಲ. ಅವರು ಹೊಲಕ್ಕೆ ಹೋದರೆ ಏನಾದರೊಂದು ನೆಪ ಮಾಡಿ ಹಿಂದೆಯೇ ಹೋಗುತ್ತಿದ್ದೆ. ಬದು ಹತ್ತುವಾಗ ಅವರು ನಿಲ್ಲುತ್ತಾರಾ ಎಂದು ನೋಡುತ್ತಿದ್ದೆ. ನಿಲ್ಲುತ್ತಿದ್ದರು. ನಿಂತು, ಶುಂಠಿ ಎಲೆ ನೋಡುವವರ ಹಾಗೆ ಬಗ್ಗುತ್ತಿದ್ದರು. ನನಗೆ ತಿಳಿಯುವುದಿಲ್ಲವೇ?

ಬೈದೆ, ಅತ್ತೆ, ಮಾತು ಬಿಟ್ಟೆ. ಯಾವುದೂ ನಾಟಲಿಲ್ಲ. "ನಿನ್ನ ತಂಗಿ ಗಂಡ ಬದುಕಿಲ್ವಾ?" ಎನ್ನುತ್ತಿದ್ದರು. ಬದುಕಿದ್ದನಲ್ಲ, ಅದೇ ತೊಂದರೆ.

ಕಾಚಂಪುಳಿ ಮುಗಿಯುತ್ತ ಬಂದಾಗ ಭಾನುವಾರ ಬಿಟ್ಟಂಗಾಲಕ್ಕೇ ಹೋಗಿ ತರೋಣ ಎಂದು ಹೊರಟರು. ನಾನೂ ನಮ್ಮ ಪಿಕಪ್ ಗಾಡಿ ಹತ್ತಿದೆ. ತಂಗಿಯ ಮನೆ ಎಸ್ಟೇಟಿನ ಒಳಗೆ, ಕೂಲಿಯಾಳುಗಳ ಲೈನ್ ಮನೆಗಳಿಂದ ಸ್ವಲ್ಪ ದೂರದ ರೈಟರ್ ಕ್ವಾರ್ಟರ್ಸು. ಊಟಕ್ಕೆ ಅಕ್ಕಿರೊಟ್ಟಿ, ಕೋಳಿ ಸಾರು ಮಾಡಿದ್ದಳು. ಜಗಲಿಯಲ್ಲಿ ಗಂಡಸರಿಬ್ಬರೂ ಕೂತು ಕಷಾಯದ ಗುಣಗಾನ ಮಾಡುತ್ತಿದ್ದರು. ನನ್ನ ತಂಗಿಯ ಗಂಡ ತನ್ನ ಎದೆಗೆ ತಾನೇ ಗುದ್ದಿಕೊಂಡು ತೋರಿಸುತ್ತಿದ್ದ. ನಾನು ಅಡುಗೆಮನೆಯಲ್ಲಿ ಪಾತ್ರೆ ಎತ್ತಿಡುತ್ತಿದ್ದೆ.

ಆಗ ತಂಗಿ ಅಕ್ಕಿ ಡಬ್ಬದ ಹಿಂದಿನಿಂದ ಒಂದು ಪುಟ್ಟ ಡಬ್ಬಿ ತೆಗೆದಳು. ಅದರಿಂದ ಮೂರು ಮಾತ್ರೆ ಅಂಗೈಗೆ ಹಾಕಿಕೊಂಡು, ಒಂದು ಲೋಟ ಬಿಸಿನೀರಿನ ಜೊತೆ ಜಗಲಿಗೆ ಹೋಗಿ, "ತಗೊಳ್ರಿ, ಗ್ಯಾಸ್ ಮಾತ್ರೆ. ಕೋಳಿ ತಿಂದಿದ್ದೀರ" ಎಂದು ಕೊಟ್ಟು ಬಂದಳು. ಅವನು ಮಾತು ನಿಲ್ಲಿಸದೆ ನುಂಗಿದ. ನಾನು ತಂಗಿಯ ಮುಖ ನೋಡಿದೆ. ಒಂದೇ ಮನೆಯಲ್ಲಿ ಬೆಳೆದವರು ನಾವು. ಅವಳು ಸುಳ್ಳು ಹೇಳುವಾಗ ಸೆರಗಿನ ತುದಿ ಹಿಡಿದುಕೊಳ್ಳುತ್ತಾಳೆ, ಆಗಲೂ ಹಿಡಿದುಕೊಂಡಿದ್ದಳು.

"ಏನೇ ಅದು?" ಎಂದೆ.

"ಗ್ಯಾಸ್ ಮಾತ್ರೆ ಅಕ್ಕ."

"ಮೂರಾ?"

ಅವಳು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, "ಯಾರಿಗೂ ಹೇಳ್ಬೇಡ. ಆಸ್ಪತ್ರೇಲಿ ಬರ್ಕೊಟ್ಟ ಮಾತ್ರೇನೇ. ಅವ್ರು ಬಿಟ್ಟೆ ಅಂದ್ರೆ ನಾನು ಬಿಡ್ತೀನಾ? ಹೆಸರು ಕಾಣ್ಬಾರ್ದು ಅಂತ ಸ್ಟ್ರಿಪ್ಪಿಂದ ಬಿಡಿಸಿ ಡಬ್ಬೀಲಿ ಹಾಕಿಟ್ಟಿದ್ದೀನಿ. ಅವತ್ತಿಂದ ಒಂದು ದಿನಾನೂ ತಪ್ಪಿಸಿಲ್ಲ. ವೀರಾಜಪೇಟೆಗೆ ಹೋದಾಗೆಲ್ಲ ಡಾಕ್ಟ್ರಿಗೂ ಹೇಳಿ ಬರ್ತೀನಿ" ಎಂದಳು.

ಸಿಟ್ಟು ಬಂತು, ನಗುವೂ ಬಂತು, ಅವಳನ್ನು ತಬ್ಬಿಕೊಂಡು ಅಳಬೇಕೆನಿಸಿತು. "ನಿನ್ನ ಗಂಡ ಕಷಾಯದಿಂದ ಬದುಕಿದ ಅಂತ ನನ್ನ ಗಂಡ ಮಾತ್ರೆ ಮುಟ್ಟದೆ ಕೂತಿದ್ದಾರೆ. ನಿನಗೆ ಗೊತ್ತೇನೇ?" ಎಂದೆ. "ಭಾವ ಮಾತ್ರೆ ತಗೊಳ್ತಿಲ್ವಾ? ಎರಡೂ ತಗೊಳ್ತಿದ್ದಾರೆ ಅಂದ್ಕೊಂಡಿದ್ದೆ ಅಕ್ಕ" ಎಂದು ನೆಲದ ಮೇಲೇ ಕೂತುಬಿಟ್ಟಳು. ಕೊನೆಗೆ ಅವಳೇ ಹೇಳಿದಳು: "ಭಾವನಿಗೆ ಹೇಳು. ಇವ್ರಿಗೆ ಮಾತ್ರ ತಿಳೀಬಾರ್ದು. ತಿಳಿದ್ರೆ ಹಟಕ್ಕೆ ಬಿದ್ದು ಅದನ್ನೂ ಬಿಡ್ತಾರೆ."

ಹೇಳಬೇಕಲ್ಲ, ಎಲ್ಲಿ ಹೇಳುವುದು? ಹೇಳಿದ ತಕ್ಷಣ ನಮ್ಮ ಮನೆಯವರು ಕೂಗಾಡುತ್ತಾರೆ, ಎದೆ ಹಿಡಿದುಕೊಳ್ಳುತ್ತಾರೆ ಎಂಬ ಭಯ. ವೀರಾಜಪೇಟೆ ದಾಟಿತು, ಸಿದ್ದಾಪುರ ದಾಟಿತು, ನಾನಿನ್ನೂ ಎಲ್ಲಿಂದ ಶುರು ಮಾಡಲಿ ಎಂದು ಹುಡುಕುತ್ತಿದ್ದೆ. ಹಿಂದೆ ಎರಡು ಬಾಟಲಿ ಕಾಚಂಪುಳಿ ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಹೊಳೆ ಸೇತುವೆ ದಾಟಿ ತೋಟಗಳ ನಡುವೆ ಬರುವಾಗ ಮುಂದೆ ನಾಲ್ಕೈದು ಗಾಡಿಗಳು ನಿಂತಿದ್ದವು. ಒಬ್ಬರು ಕೈ ಅಡ್ಡ ಹಿಡಿದು ಬಂದು, "ಆನೆ ದಾಟ್ತಾ ಉಂಟು. ಇಂಜಿನ್ ಆಫ್ ಮಾಡಿ, ಹಾರ್ನ್ ಹೊಡೀಬೇಡಿ, ಜೋರಾಗಿ ಮಾತಾಡ್ಬೇಡಿ" ಎಂದರು.

ದೇವರೇ ಕೊಟ್ಟ ಜಾಗ ಎಂದುಕೊಂಡೆ. ಇಲ್ಲಿ ಅವರು ಕೂಗಾಡುವಂತಿಲ್ಲ, ಗಾಡಿಯಿಂದ ಇಳಿದು ಹೋಗುವಂತೆಯೂ ಇಲ್ಲ. ಪಿಸುಮಾತಿನಲ್ಲೇ ಎಲ್ಲ ಹೇಳಿದೆ. ಡಬ್ಬಿ, ಮೂರು ಮಾತ್ರೆ, ಗ್ಯಾಸಿನ ಸುಳ್ಳು, ಎರಡು ವರ್ಷ.

ಅವರು ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡು ಮುಂದೆ ನೋಡುತ್ತಿದ್ದರು. ತೋಟದ ಬೇಲಿಯ ಪಕ್ಕದಲ್ಲಿ ಒಂದು ದೊಡ್ಡ ಆನೆ, ಅದರ ಹಿಂದೆ ಒಂದು ಮರಿ, ಅವಸರವಿಲ್ಲದೆ ರಸ್ತೆ ದಾಟುತ್ತಿದ್ದವು. ನಮ್ಮ ಮನೆಯವರು ಪಿಸುಗುಟ್ಟಿದರು: "ಬೇವಿನ ಹಿಂಡಿ."

"ಏನ್ರೀ?"

"ಅವತ್ತು ಕಂಪನಿಯೋರು ಮೇಲಿನ ಪಾತಿಗೆ ಗುಟ್ಟಾಗಿ ಹಿಂಡಿ ಕೊಡ್ಸಿ ಔಷಧಿ ಹೆಸರು ಹೇಳಿದ್ರಲ್ಲ. ನಿನ್ನ ತಂಗಿ ಗುಟ್ಟಾಗಿ ಮಾತ್ರೆ ಕೊಟ್ಲು, ಇವ್ನು ಕಷಾಯದ ಹೆಸರು ಹೇಳ್ದ. ಅದೇ ಬೋರ್ಡು ಕಣೇ. ನಾನು ಅದೇ ಬೋರ್ಡು ನೋಡಿ ಮತ್ತೆ ಮೋಸ ಹೋದೆ."

"ನೀವು ಪ್ರತಿ ಸಲ ಒಂದು ಪಾತಿ ಬಿಡ್ತೀರಲ್ಲ, ಇದಕ್ಕೆ ಬಿಟ್ಟ ಪಾತಿ ಯಾವುದು ಅಂತ ಯಾಕೆ ಕೇಳ್ಲಿಲ್ಲ?" ಎಂದೆ. ಕೇಳುವಾಗ ನನ್ನ ದನಿ ಒಡೆಯಿತು. ಅವರು ನನ್ನ ಕೈ ಹಿಡಿದುಕೊಂಡರು. ಹಿಂದಿನ ಗಾಡಿಯವರು ಲೈಟು ಹೊಡೆದಾಗಲೇ ಆನೆ ಹೋಗಿದೆ ಎಂದು ನಮಗೆ ಗೊತ್ತಾದದ್ದು.

ಮನೆಗೆ ಬಂದವರೇ ಟಿವಿಯ ಪಕ್ಕದ ಮಾತ್ರೆಗಳ ಧೂಳು ಒರೆಸಿ ಅವತ್ತಿನದನ್ನು ನುಂಗಿದರು. ಆದರೂ ಅವರ ಅನುಮಾನ ಪೂರ್ತಿ ಹೋಗಿರಲಿಲ್ಲ. ಷಡ್ಡಕ ಸುಳ್ಳಾದ ಮಾತ್ರಕ್ಕೆ ಡಾಕ್ಟರು ನಿಜವಾಗಬೇಕಿಲ್ಲವಲ್ಲ. ಮರುದಿನ ಮೈಸೂರಿಗೆ ಹೋದಾಗ ಕುರ್ಚಿಯಲ್ಲಿ ಕೂತ ಕೂಡಲೇ ಕೇಳಿದರು:

"ಡಾಕ್ಟ್ರೇ, ಒಂದು ಮಾತು. ನಿಮ್ಮ ರಿಸರ್ಚಲ್ಲಿ ಮಾತ್ರೆ ಕೊಡದೆ ಬಿಟ್ಟೋರು ಇದ್ರಾ?"

"ಇದ್ರು. ಅರ್ಧ ಜನ."

"ಅವ್ರನ್ನ ತಗ್ಗಿನ ಪಾತಿಯಿಂದ ಆರಿಸಿದ್ರಾ?"

ಡಾಕ್ಟರು ನನ್ನ ಮುಖ ನೋಡಿದರು. ನಾನು ಕಂಪನಿ, ಬೋರ್ಡು, ಕೇಸರಿಬಾತು ಎಲ್ಲವನ್ನೂ ಚುಟುಕಾಗಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಹೊರಗೆ ಅಷ್ಟು ಜನ ಕಾಯುತ್ತಿರುವಾಗ ಆ ಹೆಣ್ಣುಮಗಳು ಪೆನ್ನು ಕೆಳಗಿಟ್ಟದ್ದನ್ನು ನಾನು ಮರೆಯುವುದಿಲ್ಲ.

"ಒಳ್ಳೆ ಪ್ರಶ್ನೆ ಕೇಳಿದ್ರಿ. ಯಾರಿಗೆ ಮಾತ್ರೆ, ಯಾರಿಗಿಲ್ಲ ಅನ್ನೋದನ್ನ ಚೀಟಿ ಎತ್ತೋ ಹಾಗೆ ಹಂಚ್ತಾರೆ. ಗಟ್ಟಿ ಇರೋರನ್ನೆಲ್ಲ ಒಂದೇ ಕಡೆ ಹಾಕ್ಕೊಳ್ಳೋಕೆ ಆಗಲ್ಲ. ಬಿಟ್ಟೋರಿಗೂ ನೋಡೋಕೆ ಅದೇ ಥರದ್ದು ಒಂದು ಮಾತ್ರೆ ಕೊಡ್ತಾರೆ, ಒಳಗೆ ಔಷಧಿ ಇರಲ್ಲ. ನುಂಗೋರಿಗೂ ಯಾವುದು ಅಂತ ಗೊತ್ತಿರಲ್ಲ, ಕೊಡೋ ಡಾಕ್ಟರಿಗೂ ಗೊತ್ತಿರಲ್ಲ."

"ಕೊಡೋರಿಗೂ ಗೊತ್ತಿರಲ್ವಾ?"

"ಗೊತ್ತಿದ್ರೆ ನಮ್ಮ ಕಣ್ಣೇ ಮೋಸ ಮಾಡುತ್ತೆ. ನಾವು ಮಾತ್ರೆ ಕೊಟ್ಟೋರು ಚೆನ್ನಾಗಿರೋ ಹಾಗೇ ಕಾಣ್ತಾರೆ."

ನಮ್ಮ ಮನೆಯವರು ಬೆನ್ನು ನೆಟ್ಟಗೆ ಮಾಡಿ ಕೂತರು. ಇಷ್ಟು ವರ್ಷ ಪಾತಿ ಬಿಟ್ಟವರಿಗೆ ಈ ಮಾತು ಹೊಸದು. ಯಾವ ಪಾತಿ ಬಿಟ್ಟಿದ್ದೇನೆ ಎಂಬುದು ಅವರಿಗೆ ಯಾವಾಗಲೂ ಗೊತ್ತಿರುತ್ತಿತ್ತು. ಡಾಕ್ಟರು ಮುಂದುವರಿಸಿದರು: "ಹಾಗಂತ ಎಲ್ಲಾ ರಿಸರ್ಚೂ ಸರಿ ಅಂತ ಹೇಳಲ್ಲ. ಬೋರ್ಡ್ ಹಾಕೋ ಕಂಪನಿಗಳು ನಮ್ಮಲ್ಲೂ ಇವೆ. ಅದಕ್ಕೇ ಒಬ್ಬರು ಮಾಡಿದ್ದನ್ನ ಬೇರೆ ಊರಲ್ಲಿ ಬೇರೆಯವರು ಮತ್ತೆ ಮಾಡಿ ನೋಡ್ತಾರೆ. ನಿಮಗೆ ಬರೆದಿರೋ ಮಾತ್ರೆಗಳು ಹಾಗೆ ಎಷ್ಟೋ ಸಲ ಪಾಸಾದವು."

ಆಮೇಲೆ ಕಷಾಯದ ವಿಷಯ ಕೇಳಿದರು. ಕಾಚಂಪುಳಿ ಎಂದಾಗ ಅವರ ಕಣ್ಣು ತಾವಾಗೇ ಮುಚ್ಚಿಕೊಂಡವು. "ಅದನ್ನ ದಿನಾ ಕುಡಿದ್ರಾ? ಪುಣ್ಯಕ್ಕೆ ಅನ್ನನಾಳ ಉಳಿದಿದೆ" ಎಂದು, ಉರಿಗೆ ಬೇರೆ ಮಾತ್ರೆ ಬರೆದರು. ಅದು ಮಾತ್ರ ನಿಜವಾಗಿಯೂ ಗ್ಯಾಸ್ ಮಾತ್ರೆ.

ಆಂಜಿಯೋಗ್ರಾಂ ಮಾಡಿದಾಗ ಒಂದು ಮುಖ್ಯ ನಾಳ ಬಹಳ ಕಿರಿದಾಗಿದೆ ಎಂದು ಗೊತ್ತಾಯಿತು. ಅಲ್ಲೇ ಸ್ಟೆಂಟ್ ಹಾಕುತ್ತೇವೆ ಎಂದು ಹೊರಗೆ ಬಂದು ಹೇಳಿ, ಮತ್ತೆ ಬಾಗಿಲು ಹಾಕಿಕೊಂಡರು. ಆ ಬಾಗಿಲಿನ ಮುಂದೆ ಕೂತ ಹೊತ್ತನ್ನು ಏನೆಂದು ಹೇಳಲಿ? ನನಗೆ ದೇವರ ಹೆಸರು ಒಂದೂ ನೆನಪಾಗಲಿಲ್ಲ. ಬದು ಹತ್ತುವಾಗ ನಿಂತು ಶುಂಠಿ ಎಲೆ ನೋಡುವಂತೆ ನಟಿಸುತ್ತಿದ್ದ ಅವರ ಬೆನ್ನೇ ಕಣ್ಣಿಗೆ ಕಟ್ಟುತ್ತಿತ್ತು. ಎಷ್ಟು ದಿನ ಅದೃಷ್ಟದ ಮೇಲೆ ನಡೆದಾಡಿದರು ಈ ಮನುಷ್ಯ ಎಂದು ಲೆಕ್ಕ ಹಾಕುತ್ತ ಕೂತಿದ್ದೆ.

ಬಾಗಿಲು ತೆರೆಯಿತು. ಡಾಕ್ಟರು ಮುಖದ ಬಟ್ಟೆ ಕೆಳಗೆಳೆದು ನಕ್ಕರು. "ಆಯ್ತು. ಚೆನ್ನಾಗಿದ್ದಾರೆ. 'ಮಣಿಕಟ್ಟಿನಿಂದ ಹೃದಯಕ್ಕೆ ಪೈಪ್‌ಲೈನ್ ಹಾಕಿದ್ರಾ' ಅಂತ ಕೇಳ್ತಿದ್ದಾರೆ." ಹೋದ ಜೀವ ಬಂದಂತಾಯಿತು. ನಾನು ಅವರ ಕೈ ಹಿಡಿದುಕೊಂಡು ಏನೋ ಹೇಳಲು ಹೋಗಿ ಬರೀ ಅತ್ತೆ. ಪಕ್ಕದಲ್ಲಿ ಕೂತಿದ್ದ ಯಾರೋ ಅಪರಿಚಿತ ಹೆಂಗಸು ತನ್ನ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟಳು. ಎಷ್ಟೋ ದಿನಗಳ ಮೇಲೆ ನನ್ನ ನಾಲಿಗೆಗೆ ರುಚಿ ಗೊತ್ತಾಯಿತು.

ಮರುದಿನ ತಂಗಿ, ಅವಳ ಗಂಡ ಬಂದರು. ತಂಗಿ ಹಣ್ಣು ತರಲೆಂದು ಹೊರಗೆ ಹೋದಾಗ ಅವನು ಮಂಚದ ಪಕ್ಕ ಸ್ಟೂಲ್ ಎಳೆದು ಕೂತ. ಮುಖ ಇಳಿದುಹೋಗಿತ್ತು.

"ಅಣ್ಣ, ಅತ್ತಿಗೆ, ನಿಮ್ಮ ಹತ್ರ ಒಂದು ಹೇಳ್ಬೇಕು. ಅವಳು ಗ್ಯಾಸ್ ಮಾತ್ರೆ ಅಂತ ಕೊಡ್ತಾಳಲ್ಲ, ಅದು ಏನು ಅಂತ ನಂಗೆ ಮೊದಲಿಂದ್ಲೂ ಗೊತ್ತು."

ನಮ್ಮ ಮನೆಯವರು ದಿಂಬಿನಿಂದ ತಲೆ ಎತ್ತಿದರು.

"ಒಂದು ತಿಂಗಳು ನಾನೇ ನುಂಗಿದ್ದ ಮಾತ್ರೆ. ಕಾಳುಮೆಣಸು ಕಣ್ಣಲ್ಲೇ ನೋಡಿ ಗ್ರೇಡ್ ಹೇಳೋನಿಗೆ ಮಾತ್ರೆ ಗುರುತು ಸಿಗಲ್ವಾ? ಬಿಟ್ಟೆ ಅಂತ ಊರಿಗೆಲ್ಲ ಹೇಳ್ಕೊಂಡು ಬಂದಿದ್ದೆ. ಅವಳು ಗ್ಯಾಸ್ ಮಾತ್ರೆ ಅಂದಾಗ, ಸರಿ, ನನ್ನ ಮರ್ಯಾದೆನೂ ಉಳೀತು, ಜೀವಾನೂ ಉಳೀತು ಅಂತ ನುಂಗ್ದೆ. ನೀವು ಮಾತ್ರೆ ಪೂರ್ತಿ ಬಿಟ್ಟಿದ್ದೀರಿ ಅಂತ ನಿನ್ನೆ ಅವಳು ಹೇಳೋವರೆಗೂ ಗೊತ್ತಿರ್ಲಿಲ್ಲ ಅಣ್ಣ."

ನನಗೆ ಉರಿದುಹೋಯಿತು. ಆಸ್ಪತ್ರೆ ಎಂಬುದನ್ನೂ ನೋಡಲಿಲ್ಲ. "ನಿಮ್ಮ ಮರ್ಯಾದೆಗೆ ನನ್ನ ಗಂಡನ್ನ ಕೊಡ್ಬೇಕಾಗಿತ್ತಾ?" ಎಂದೆ. ನರ್ಸು ತಿರುಗಿ ನೋಡಿದಳು. ಅವನು ತಲೆ ಎತ್ತಲಿಲ್ಲ, ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅಷ್ಟರಲ್ಲಿ ಮಂಚದ ಮೇಲಿನಿಂದ ನಗು ಕೇಳಿಸಿತು. ನಮ್ಮ ಮನೆಯವರು ಪಟ್ಟಿ ಕಟ್ಟಿದ ಕೈಯನ್ನು ಜೋಪಾನವಾಗಿ ಎತ್ತಿ ಹಿಡಿದುಕೊಂಡು ಹೊಟ್ಟೆ ಕುಣಿಸಿ ನಗುತ್ತಿದ್ದರು.

"ಬಿಡೇ, ಪಾಪ. ಕಂಪನಿಯೋರಾದ್ರೂ ನಮಗೆ ಮೋಸ ಮಾಡಿದ್ರು. ಇವ್ನು ತನ್ನ ಹೆಂಡ್ತಿ ತನಗೆ ಮೋಸ ಮಾಡ್ಲಿ ಅಂತ ಕಾಯ್ಕೊಂಡು ಕೂತಿದ್ದ!" ಎಂದರು. ನಕ್ಕು ನಕ್ಕು ಅವರಿಗೆ ಉಸಿರು ಕಟ್ಟುತ್ತದೇನೋ ಎಂದು ನಾನು ಹೆದರಿ ನೋಡಿದೆ. ಕಟ್ಟಲಿಲ್ಲ. ಎದೆ ಹಿಡಿದುಕೊಳ್ಳಲಿಲ್ಲ. ಅದನ್ನು ನೋಡಿ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಅವತ್ತೇ ಸಂಜೆ ಅವನು ಹೆಂಡತಿಯ ಮುಂದೆ ಒಪ್ಪಿಕೊಂಡನಂತೆ, ನೆಂಟರಿಗೆಲ್ಲ ಫೋನು ಮಾಡಿ ಕಷಾಯದ ಜೊತೆ ಮಾತ್ರೆಯೂ ಇತ್ತು ಎಂದು ಹೇಳಿದನಂತೆ. ಆ ಒಂದು ಕೆಲಸಕ್ಕೆ ನಾನು ಅವನನ್ನು ಕ್ಷಮಿಸಿದ್ದೇನೆ.

ಈ ವರ್ಷದ ಮಳೆಗಾಲದಲ್ಲಿ ನಮ್ಮ ಮನೆಯವರು ಮತ್ತೆ ಹೊಲಕ್ಕಿಳಿದರು. ಕ್ಯಾನ್ ಹೊರಲು ನಾನು ಬಿಡುವುದಿಲ್ಲ; ಬದು ಹತ್ತುತ್ತಾರೆ, ನಿಲ್ಲುವುದಿಲ್ಲ. ಮೂರ್ನಾಲ್ಕು ವರ್ಷದಿಂದ ನಂಬಿಕೊಂಡಿದ್ದ ಒಂದು ನೀಲಿ ಔಷಧಿ ಇತ್ತು. ಅದನ್ನು ಹಾಕುವ ದಿನ ನನ್ನನ್ನು ಕರೆದು ಹೇಳಿದರು: "ಈ ಸಲ ಡಾಕ್ಟ್ರಮ್ಮನ ಥರ ಮಾಡೋಣ. ಒಂದು ಡ್ರಮ್ಮಿಗೆ ಔಷಧಿ ಕಲ್ಸು, ಇನ್ನೊಂದಕ್ಕೆ ಬರೀ ನೀರು. ಯಾವುದು ಯಾವುದು ಅಂತ ನಿಂಗೆ ಮಾತ್ರ ಗೊತ್ತಿರ್ಲಿ. ನಂಗೆ ಹೇಳ್ಬೇಡ."

ಬರೀ ನೀರು ಬೆಳ್ಳಗಿರುತ್ತದೆ, ನೋಡಿದರೆ ಗೊತ್ತಾಗುವುದಿಲ್ಲವೇ? ನಾನು ಒಳಗೆ ಹೋಗಿ, ಬಿಳಿ ಪಂಚೆಗೆ ಹಾಕುವ ನೀಲಿ ತಂದು ನಾಲ್ಕು ಹನಿ ಬಿಟ್ಟೆ. ಎರಡೂ ಡ್ರಮ್ಮು ಒಂದೇ ಬಣ್ಣವಾದವು. ಆಳು ಒಂದನ್ನು ಒಂದು ಪಾತಿಗೂ ಇನ್ನೊಂದನ್ನು ಪಕ್ಕದ ಪಾತಿಗೂ ಹೊಡೆದ. ಮಳೆಗಾಲ ಪೂರ್ತಿ ಅವರು ಪಾತಿಗಳ ನಡುವೆ ಓಡಾಡಿ ನನ್ನ ಬಾಯಿ ಬಿಡಿಸಲು ನೋಡಿದರು. ನಾನು ಬಿಡಲಿಲ್ಲ. ಮಳೆ ನಿಂತ ಮೇಲೆ ಬಹಳ ಯೋಚಿಸಿ ಒಂದು ಪಾತಿಯ ಮುಂದೆ ನಿಂತು, "ಇದೇ ಔಷಧಿ ಹಾಕಿದ್ದು. ಹಸಿರು ನೋಡು, ಎಲೆ ಹೆಂಗಿದೆ" ಎಂದರು.

"ಅದು ಪಂಚೆ ನೀಲಿ" ಎಂದೆ.

ಪಕ್ಕದ ಪಾತಿಯೂ ಹಾಗೇ ಇತ್ತು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅವರು ಬದುವಿನ ಮೇಲೆ ಕೂತು ನಕ್ಕರು. ಆ ಔಷಧಿ ಇನ್ನು ನಮ್ಮ ಮನೆಗೆ ಬರುವುದಿಲ್ಲ.

ಅವತ್ತು ಊಟವಾದ ಮೇಲೆ ಎಂದಿನಂತೆ ಮಾತ್ರೆ, ನೀರು ತಂದೆ. ಅವರು ಮಾತ್ರೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ತುಂಟತನದಿಂದ ಹೇಳಿದರು: "ಇದನ್ನೂ ಒಂದ್ಸಲ ಬಿಟ್ಟು ನೋಡೋಣ್ವೇನೇ? ಏನಾಗುತ್ತೆ ಅಂತ?"

ತಮಾಷೆ ಎಂದು ಗೊತ್ತಿದ್ದರೂ ನಾನು ನೀರಿನ ಲೋಟವನ್ನು ಅವರ ಮುಂದೆ ಹಿಡಿದೆ.

"ಶುಂಠಿಗೆ ಸಾಲುಗಟ್ಟಲೆ ಪಾತಿ ಇದೆ, ಒಂದು ಬಿಡಿ, ಎರಡು ಬಿಡಿ, ನಾನು ಕೇಳಲ್ಲ" ಎಂದೆ. "ನನಗಿರೋದು ಒಂದೇ. ಬಿಟ್ಟು ನೋಡೋಕೆ ಪಕ್ಕದಲ್ಲಿ ಇನ್ನೊಂದು ಇಲ್ಲ. ಬಾಯಿ ತೆಗೀರಿ."

ಅವರು ನಗಲಿಲ್ಲ. ನನ್ನ ಮುಖ ನೋಡಿ ಬಾಯಿ ತೆರೆದರು. ಮಾತ್ರೆ ನುಂಗಿ, ಲೋಟದ ನೀರು ಪೂರ್ತಿ ಕುಡಿದು, ಲೋಟವನ್ನು ನನ್ನ ಕೈಗೆ ಕೊಟ್ಟರು.